ಕಾಫಿಗೆ ಎದ್ದು ಹೋದರೆ ನಿಲ್ಲುತ್ತಿದ್ದ ಸರ್ವರ್

ಆಷಾಢದಲ್ಲಿ ಮದುವೆ ಇಲ್ಲ. ಹಾಗಂತ ಫೋಟೋ ಸ್ಟುಡಿಯೋದವರಿಗೆ ಬಿಡುವೇನೂ ಸಿಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಮದುವೆಗಳ ಆಲ್ಬಂ ಎಲ್ಲಾ ಆಗಲೇ ಕೂತು ಮುಗಿಸಬೇಕು. ಅಂಥ ಹೊತ್ತಲ್ಲೇ ತೀರ್ಥಹಳ್ಳಿಯಿಂದ ಫೋನ್ ಬಂತು.

"ಮಾರಾಯಾ, ಸರ್ವರ್ ಮತ್ತೆ ನಿಂತಿದೆ. ಬೆಳಿಗ್ಗೆಯಿಂದ ಮೂರನೇ ಸಲ. ಒಂದ್ಸಲ ಬಂದು ನೋಡು."

ಹೋಗಲೇಬೇಕಿತ್ತು. ಮೇ ತಿಂಗಳ ಸಿಡಿಲಿಗೆ ಅವರ ಹಳೇ ಮದರ್‌ಬೋರ್ಡ್ ಸುಟ್ಟುಹೋದಾಗ ಹೊಸದನ್ನು ತಂದು ಕೂರಿಸಿದವನು ನಾನೇ. ಪುಣ್ಯಕ್ಕೆ 4 ಟಿಬಿಯ ಎರಡು ಡಿಸ್ಕ್ ಉಳಿದಿದ್ದವು. ಅದೇ ಡಿಸ್ಕು, ಮಷೀನ್ ನಡೆಸುವ ಅದೇ ಲಿನಕ್ಸ್, ಬೋರ್ಡ್ ಮಾತ್ರ ಬೇರೆ.

ಶಿವಮೊಗ್ಗದಿಂದ ಅರವತ್ತು ಕಿಲೋಮೀಟರ್ ಆಸುಪಾಸು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲಾ ಮಳೆಯೊಳಗೇ ದಾಟಿತು.

ಸ್ಟುಡಿಯೋದಲ್ಲಿ ಮೂರು ಕಂಪ್ಯೂಟರ್. ಮೂಲೆಯಲ್ಲಿ, ಆ ಮೂರಕ್ಕೂ ಫೋಟೋ ಒದಗಿಸುವ ಸರ್ವರ್. ಪಕ್ಕದ ಕಪಾಟಿನಲ್ಲಿ ಹಗಲೂ ರಾತ್ರಿ ಒಂದು ಬಲ್ಬ್ ಉರಿಯುತ್ತಿತ್ತು, ಲೆನ್ಸಿಗೆ ಬೂಷ್ಟು ಹಿಡಿಯದಿರಲಿ ಎಂದು. ನಮ್ಮ ಕಡೆ ಮಳೆಗಾಲದಲ್ಲಿ ಏನೇ ಕೆಟ್ಟರೂ ಮೊದಲು ಥಂಡಿಯ ಮೇಲೆ, ಆಮೇಲೆ ಸಿಡಿಲಿನ ಮೇಲೆ ಅನುಮಾನ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಕೇಬಲ್ ಬದಲಿಸಿದೆ. ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ ತೆಗೆದು ಶಿವಮೊಗ್ಗದಿಂದ ತಂದಿದ್ದ ಬೇರೆಯದನ್ನು ಹಾಕಿದೆ. ಅರ್ಧ ಗಂಟೆ ಕಳೆದು ನೋಡಿದರೆ ಮತ್ತೆ ನಿಂತಿತ್ತು.

ಆಗ ಸರ್ವರಿಗೇ ಒಂದು ಮಾನಿಟರ್, ಕೀಬೋರ್ಡ್ ಹಾಕಿ ನೋಡಿದೆ. ಮಷೀನ್ ಬದುಕಿತ್ತು! ಒತ್ತಿದ ಅಕ್ಷರ ಮೂಡುತ್ತಿತ್ತು, ಡಿಸ್ಕಿನ ಫೈಲುಗಳೂ ತೆರೆಯುತ್ತಿದ್ದವು. ಹಿಂದೆ ನೆಟ್‌ವರ್ಕ್ ಕಾರ್ಡಿನ ಹಸಿರು ದೀಪವೂ ಉರಿಯುತ್ತಿತ್ತು. ಆದರೆ ನೆಟ್‌ವರ್ಕಿನಲ್ಲಿ "ಇದ್ದೀಯಾ?" ಎಂದು ಕೇಳುವ ಒಂದು ಪಿಂಗಿಗೂ ಉತ್ತರ ಇಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ಲಾಗ್ ತೆಗೆದರೆ ಒಂದೇ ಸಾಲು ಮತ್ತೆ ಮತ್ತೆ: "ನೆಟ್‌ಡೆವ್ ವಾಚ್‌ಡಾಗ್, ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್."

ಕಳಿಸು ಎಂದು ಕರ್ನಲ್ ಕೊಟ್ಟ ಡೇಟಾದ ತುಂಡುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು ಕಾರ್ಡ್ ಕಳಿಸಿಯೇ ಇಲ್ಲ ಎಂದು ಅದರರ್ಥ. ಕೆಲವು ಸೆಕೆಂಡ್ ಕಾದು ಕರ್ನಲ್, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿಗೆ ಹೇಳುತ್ತದೆ, ಕಾರ್ಡನ್ನು ರೀಸೆಟ್ ಮಾಡು ಅಂತ. ಇಲ್ಲಿ ಡ್ರೈವರ್ ಎಷ್ಟು ತಟ್ಟಿದರೂ ಕಾರ್ಡ್ ಏಳುತ್ತಿರಲಿಲ್ಲ. ಡ್ರೈವರನ್ನೇ ತೆಗೆದು ಮತ್ತೆ ಹಾಕಿ ನೋಡಿದೆ, ಅದಕ್ಕೂ ಏಳಲಿಲ್ಲ. ರೀಸ್ಟಾರ್ಟೇ ಗತಿ.

ಸ್ಟುಡಿಯೋದವರು ಅಲ್ಲಿಯವರೆಗೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತಿದ್ದರಂತೆ. ಅದು ಕೇಳಿ ಎದೆ ಝಲ್ಲೆಂದಿತು. ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ತುಂಡಾಗಬಹುದು. ಒಂದೇ ಫೈಲನ್ನು ಎರಡೂ ಕಡೆ ಇಟ್ಟುಕೊಳ್ಳುವ ಜೋಡಿ ಡಿಸ್ಕುಗಳು ಒಂದನ್ನೊಂದು ಸರಿಹೊಂದಿಸಿಕೊಳ್ಳಲು ಏಳೆಂಟು ಗಂಟೆ ಬೇಕು. ಆಲ್ಬಂ ಇನ್ನೊಂದು ವಾರ ತಡವಾಗಲಿ, ಯಾರೂ ಸಾಯುವುದಿಲ್ಲ. ಆದರೆ ಧಾರೆ ಎರೆದ ಫೋಟೋವನ್ನು ಇನ್ನೊಮ್ಮೆ ತೆಗೆಯಲು ಆಗುತ್ತಾ? ಕ್ಯಾಮೆರಾ ಕಾರ್ಡುಗಳನ್ನು ಇನ್ನೂ ಅಳಿಸಿಲ್ಲ ಎಂದು ಅವರು ಡಬ್ಬಿ ತೆಗೆದು ತೋರಿಸಿದ ಮೇಲೆಯೇ ನನಗೆ ಉಸಿರು ಬಂದದ್ದು.

ದೊಡ್ಡ ಫೈಲ್ ಕಾಪಿ ಮಾಡುವಾಗ ಭಾರ ತಡೆಯುತ್ತಿಲ್ಲವೇನೋ ಅಂದುಕೊಂಡೆ. ಟಿಎಸ್‌ಒ ಅಂತ ಒಂದು ಸೌಲಭ್ಯ ಇದೆ. 64 ಕೆಬಿಯಷ್ಟು ದೊಡ್ಡ ತುಂಡನ್ನು ಕರ್ನಲ್ ಹಾಗೇ ಕಾರ್ಡಿಗೆ ಕೊಟ್ಟುಬಿಡುತ್ತದೆ, ಅದನ್ನು 1500 ಬೈಟಿನ ಪ್ಯಾಕೆಟ್‌ಗಳಾಗಿ ಕತ್ತರಿಸುವ ಕೆಲಸ ಕಾರ್ಡಿನದು. ಕೆಲವು ಕಾರ್ಡುಗಳು ಅಲ್ಲೇ ಮುಗ್ಗರಿಸುತ್ತವೆ. ಅದನ್ನು ಆಫ್ ಮಾಡಿ 80 ಜಿಬಿ ಫೋಟೋ ಒಂದೇ ಸಮ ಕಾಪಿ ಮಾಡಿದೆ. ಸೆಕೆಂಡಿಗೆ 110 ಎಂಬಿ ಹತ್ತಿರ ಓಡಿತು, ಎಲ್ಲೂ ತಡೆಯಲಿಲ್ಲ. ಗೆದ್ದೆ ಅಂದುಕೊಂಡು ಊಟಕ್ಕೆ ಎದ್ದೆವು. ಊಟ ಮುಗಿಸಿ ಬಂದು ನೋಡಿದರೆ ನಿಂತಿತ್ತು.

ಆಲ್ಬಂ ಮಾಡುವ ಹುಡುಗಿ ಅಲ್ಲಿಯವರೆಗೆ ಸುಮ್ನೆ ಕೂತಿದ್ದಳು. "ಅಣ್ಣಾ, ಒಂದು ಮಾತು ಹೇಳ್ಲಾ? ಕೆಲಸ ಮಾಡ್ತಾ ಇರೋವಾಗ ಇದು ಒಂದ್ಸಲನೂ ನಿಂತಿಲ್ಲ. ನಾವು ಕಾಫಿಗೆ ಎದ್ದು ಹೋಗಿ ಬಂದ್ರೆ ಮಾತ್ರ ನಿಂತಿರುತ್ತೆ."

ಅವಳು ಎರಡು ವಾರದಿಂದ ದಿನಾ ನೋಡಿದ್ದಳು. ಅವಳನ್ನು ನಾನು ಕೇಳಿಯೇ ಇರಲಿಲ್ಲ.

ಕೆಲಸ ಇಲ್ಲದಾಗ ಮಾತ್ರ ನಿಲ್ಲುತ್ತದೆ ಅಂದರೆ ಕರೆಂಟು ಉಳಿಸುವ ವ್ಯವಸ್ಥೆಯನ್ನೇ ನೋಡಬೇಕು. ಬೋರ್ಡಿಗೆ ಕಾರ್ಡುಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಅದಕ್ಕೆ ಎಎಸ್‌ಪಿಎಂ ಎನ್ನುತ್ತಾರೆ. ಓಡಾಟ ಇಲ್ಲದಾಗ ಬೋರ್ಡಿಗೂ ಕಾರ್ಡಿಗೂ ನಡುವಿನ ದಾರಿ ಎಲ್1 ಎಂಬ ನಿದ್ದೆಗೆ ಜಾರುತ್ತದೆ. ಕೆಲಸ ಬಂದ ಕೂಡಲೇ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ, ಎದ್ದುಬಿಡಬೇಕು. ಏಳುವಾಗ ತಾಳ ತಪ್ಪಿದರೆ ಕಾರ್ಡ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಮಷೀನ್ ಶುರುವಾಗುವಾಗ ಕರ್ನಲ್ ಓದುವ ಬೂಟ್ ಸಾಲಿಗೆ "ಪಿಸಿಐಇ_ಎಎಸ್‌ಪಿಎಂ=ಆಫ್" ಎಂದು ಸೇರಿಸಿ ರೀಸ್ಟಾರ್ಟ್ ಮಾಡಿದೆ. ಕಾರ್ಡಿನ ವಿವರ ತೆಗೆದರೆ ಎಲ್1 ಇನ್ನೂ ಆನ್ ಎಂದೇ ತೋರಿಸುತ್ತಿತ್ತು. ಕರ್ನಲ್‌ನ ದಾಖಲೆ ಓದಿದ ಮೇಲೆ ಗೊತ್ತಾಯಿತು. ಅಲ್ಲಿ ಆಫ್ ಅಂದರೆ ಕರ್ನಲ್ ಅದಕ್ಕೆ ಕೈ ಹಾಕುವುದಿಲ್ಲ ಅಂತ ಮಾತ್ರ. ಬೋರ್ಡಿನೊಳಗೇ ಇದ್ದು ಲಿನಕ್ಸಿಗಿಂತ ಮೊದಲು ಓಡುವ ಬಯಾಸ್ ಮೊದಲೇ ಆನ್ ಮಾಡಿಟ್ಟಿದ್ದರೆ ಅದು ಹಾಗೇ ಉಳಿಯುತ್ತದೆ. ಹೆಸರು ನೋಡಿ ಮೋಸ ಹೋಗುವ ಜಾಗ ಇದು. ಆ ಸಾಲು ತೆಗೆದುಹಾಕಿ, ಬಯಾಸ್‌ಗೇ ಹೋಗಿ ಎಎಸ್‌ಪಿಎಂ ಡಿಸೇಬಲ್ ಮಾಡಿದೆ. ಈ ಸಲ ವಿವರದಲ್ಲೂ ಡಿಸೇಬಲ್ಡ್ ಎಂದು ಬಂತು.

ಇನ್ನು ಪರೀಕ್ಷೆ ಅಂದರೆ ಯಾರೂ ಮುಟ್ಟದೆ ಅದನ್ನು ಸುಮ್ಮನೆ ಬಿಡುವುದು.

"ಬನ್ನಿ, ಹೊಳೆಯಲ್ಲಿರೋ ರಾಮಮಂಟಪ ಮುಳುಗಿದೆಯಂತೆ, ನೋಡಿ ಬರೋಣ" ಎಂದರು ಸ್ಟುಡಿಯೋದ ಅಣ್ಣ. ಮೂವರೂ ಕೊಡೆ ಹಿಡಿದು ಹೊಳೆ ಕಡೆ ಹೋದೆವು. ತುಂಗೆ ಕೆಂಪಗೆ ಹರಿಯುತ್ತಿತ್ತು. ಮಂಟಪ ಇದ್ದ ಜಾಗದಲ್ಲಿ ನೀರು ಸುತ್ತು ಹಾಕಿ ಮುಂದೆ ಹೋಗುತ್ತಿತ್ತು, ಅಷ್ಟೇ. ನೋಡುತ್ತಾ ನಿಂತೆವು. ನನ್ನ ಮನಸ್ಸು ಮಾತ್ರ ಆ ಮೂಲೆಯ ಪೆಟ್ಟಿಗೆಯ ಹತ್ತಿರವೇ ಇತ್ತು. ಬರುವಾಗ ದಾರಿಯಲ್ಲಿ ಕಾಫಿಯನ್ನೂ ಕುಡಿದೆವು. ಬೇಕೆಂದೇ ನಿಧಾನಕ್ಕೆ ಕುಡಿದೆವು.

ಮರಳಿದಾಗ ಹೊರಟು ಒಂದೂಕಾಲು ಗಂಟೆ ಕಳೆದಿತ್ತು. ಹುಡುಗಿ ಒದ್ದೆ ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತಳು. ಮೌಸ್ ಹಿಡಿದು ಒಮ್ಮೆ ನನ್ನ ಮುಖ ನೋಡಿ, ಮದುವೆಯ ಫೋಲ್ಡರ್ ಮೇಲೆ ಎರಡು ಸಲ ಒತ್ತಿದಳು. ಒಂದು ಕ್ಷಣ ಪರದೆ ಖಾಲಿ. ಆಮೇಲೆ ಮೊದಲ ಸಾಲಿನ ಫೋಟೋಗಳು ಮೂಡಿದವು. ಹಿಂದೆಯೇ ಎರಡನೇ ಸಾಲು, ಮೂರನೇ ಸಾಲು.

"ಬಂತು ಅಣ್ಣಾ" ಎಂದಳು.