ಓಟಿ ಲೆಕ್ಕಕ್ಕೆ ಎಐ ಬೇಡ ಮಾರಾಯ್ರೆ

ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಆಫೀಸು ನೋಡಿಕೊಳ್ಳುವುದು ನನ್ನ ಕೆಲಸ. ಬೆಳೆಗಾರರಿಂದ ಕಾಫಿ ಕೊಳ್ಳುತ್ತೇವೆ, ಹದ ಮಾಡಿ ಹೊರದೇಶಕ್ಕೆ ಕಳಿಸುತ್ತೇವೆ. ಎರಡು ವರ್ಷದ ಹಿಂದೆ ನಮ್ಮ ಓನರ್ ಬೆಂಗಳೂರಲ್ಲಿ ಯಾವುದೋ ಮೀಟಿಂಗ್ ಮುಗಿಸಿ ಬಂದವರೇ "ನಮ್ಮಲ್ಲೂ ಎಐ ತರಬೇಕು" ಅಂದರು. ಯಾವ ಕೆಲಸಕ್ಕೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ.

ಮೊದಲು ಮಾಡಿದ್ದು ವಾಟ್ಸಾಪ್ ಬಾಟ್. ಬೆಳೆಗಾರರು ಮೆಸೇಜ್ ಹಾಕಿದರೆ ಅವರ ಕಾಫಿಗೆ ಎಷ್ಟು ಸಿಗುತ್ತದೆ ಅಂತ ಅದು ಹೇಳಬೇಕು. ಜನವರಿ, ರೋಬಸ್ಟಾ ಜಾತಿಯ ಕಾಫಿಯ ಕುಯ್ಲಿನ ಸಮಯ. ಇಲ್ಲಿನ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು: ಚೆರಿ ಅಂದರೆ ಒಣಗಿಸಿದ ಕಾಫಿ ಹಣ್ಣು. 50 ಕೆಜಿ ಚೆರಿ ಚೀಲದಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್. ನಾವು ಓಟಿ ಅನ್ನುತ್ತೇವೆ. ಓಟಿ 27 ಬಂದು, ಒಂದು ಓಟಿಗೆ 350 ರೂಪಾಯಿ ಅಂತಿಟ್ಟುಕೊಳ್ಳಿ, ಚೀಲಕ್ಕೆ 9,450. ತೇವ ಜಾಸ್ತಿ ಇದ್ದರೆ ಅದಕ್ಕೊಂದು ಕಡಿತ. ಇಷ್ಟೇ.

ಸಿದ್ದಾಪುರ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿದರು. "ಎಂತ ಮೇಡಂ, ನಿಮ್ಮ ಮಿಷನ್ ಬೆಳಗ್ಗೆ ಒಂದು ಹೇಳ್ತದೆ, ಮಧ್ಯಾಹ್ನ ಒಂದು ಹೇಳ್ತದೆ. ಯಾವುದು ಸರಿ?" ಲಂಡನ್ ಮಾರುಕಟ್ಟೆ ಏರಿಳಿದರೆ ನಮ್ಮ ರೋಬಸ್ಟಾ ರೇಟೂ ಅಲುಗಾಡುತ್ತದೆ, ಅದೇ ಇರಬೇಕು ಅಂದುಕೊಂಡೆ. ನೋಡಿದರೆ ಅವತ್ತು ರೇಟು ಬದಲಾಗೇ ಇರಲಿಲ್ಲ. ಬಾಟ್ ಬೆಳಗ್ಗೆ ತೇವದ ಕಡಿತ ಹಾಕಿತ್ತು, ಮಧ್ಯಾಹ್ನ ಮರೆತಿತ್ತು. ಅವರದ್ದು 120 ಚೀಲ. ಒಂದು ಓಟಿಯಷ್ಟು ವ್ಯತ್ಯಾಸ ಬಂದರೂ 42,000 ರೂಪಾಯಿ!

ತಪ್ಪು ಅದರದ್ದಲ್ಲ. ಈ ಭಾಷಾ ಮಾದರಿಗಳು ಒಂದು ಪದದ ನಂತರ ಯಾವ ಪದ ಬರಬಹುದು ಅಂತ ಅಂದಾಜು ಮಾಡುತ್ತಾ ಬರೆಯುತ್ತವೆ. ಲೆಕ್ಕವನ್ನೂ ಅದೇ ಧಾಟಿಯಲ್ಲಿ, ಧೈರ್ಯವಾಗಿ ಬರೆದುಬಿಡುತ್ತವೆ. ನಮ್ಮ ಗೋಡೌನ್ ಹುಡುಗ ನೋಡಿ ನಕ್ಕ. "ಅಕ್ಕ, ಇದಕ್ಕೆ ಎಕ್ಸೆಲ್ ಸಾಕಲ್ವಾ?" ಅರ್ಧ ಗಂಟೆಯಲ್ಲಿ ಫಾರ್ಮುಲಾ ಹಾಕಿಕೊಟ್ಟ. ಇವತ್ತಿಗೂ ಅದೇ ನಡೆಯುತ್ತಿದೆ.

ಆಮೇಲೆ ನಾನು ಒಂದು ವಾರ ನೋಟ್‌ಬುಕ್ ಇಟ್ಟೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು, ಅದರಲ್ಲಿ ತಪ್ಪಾದರೆ ಯಾರ ಕಣ್ಣಿಗೆ ಬೀಳುತ್ತದೆ, ಇಷ್ಟೇ ಬರೆದಿದ್ದು. ಜಾಸ್ತಿ ಹೊತ್ತು ನುಂಗುತ್ತಿದ್ದದ್ದು ಯುರೋಪಿನ ಕೊಳ್ಳುವವರ ಪ್ರಶ್ನಾವಳಿಗಳು. ಅರಣ್ಯ ನಾಶದ ವಿರುದ್ಧ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಅದರ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ತೋಟ ಎಲ್ಲಿದೆ ಅಂತ ತೋರಿಸಬೇಕು. 4 ಹೆಕ್ಟೇರ್‌ಗಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ಕೊಡಬೇಕು.

"ಗಡಿ ಎಐ ಹಾಕಲಿ" ಅಂದರು ಓನರ್. ಎಲ್ಲಿಂದ ಹಾಕುತ್ತದೆ? ಜೂನ್ ಮಳೆಯಲ್ಲಿ, ಕಾಲಿಗೆ ಹೊಗೆಸೊಪ್ಪು ಉಜ್ಜಿಕೊಂಡು, ಜಿಗಣೆ ಕಿತ್ತು ಹಾಕುತ್ತಾ, ಫೋನ್ ಹಿಡಿದು ಬೇಲಿ ಸುತ್ತಿದ್ದು ನಮ್ಮ ಇಬ್ಬರು ಹುಡುಗರು. ಆರ್‌ಟಿಸಿಯಲ್ಲಿ ತಾತನ ಹೆಸರು, ಜಾಗ ಜಮ್ಮಾ ಬಾಣೆ (ಕೊಡಗಿನಲ್ಲಿ ತಲೆತಲಾಂತರದಿಂದ ಕುಟುಂಬಕ್ಕೆ ಬಂದ ಜಮೀನು), ಪಾಲುದಾರರು ಹತ್ತು ಜನ. ಸಹಿ ಯಾರು ಹಾಕಬೇಕು? ಅದನ್ನು ಅವರ ಜಗಲಿಯಲ್ಲಿ ಕೂತು, ಎರಡು ಲೋಟ ಕಾಫಿ ಕುಡಿದೇ ಕೇಳಬೇಕು.

ಆದರೆ ಪ್ರಶ್ನಾವಳಿಗೆ ಉತ್ತರ ಬರೆಯುವುದಿದೆಯಲ್ಲ, ಅಲ್ಲಿ ಎಐ ಸರಿಯಾಗಿ ಕೂತಿತು. ಎಪ್ಪತ್ತು ಪ್ರಶ್ನೆ ಇರುತ್ತವೆ, ಕೇಳುವ ಮಾತು ಬೇರೆ, ವಿಷಯ ಅದೇ. ಉತ್ತರಗಳೆಲ್ಲ ನಮ್ಮ ಹಳೆಯ ಮೇಲ್‌ಗಳಲ್ಲೇ ಇವೆ. ಅವನ್ನು ಅದರ ಮುಂದಿಟ್ಟು, "ಇದರಲ್ಲಿ ಇರುವುದನ್ನಷ್ಟೇ ಬರಿ, ಇಲ್ಲದ್ದನ್ನು ಖಾಲಿ ಬಿಡು" ಅಂತ ಹೇಳುತ್ತೇನೆ. ಮೂರು ದಿನದ ಕೆಲಸ ಒಂದು ಬೆಳಗ್ಗೆಯಲ್ಲಿ ಕರಡಿಗೆ ಬರುತ್ತದೆ. ಹಾಗಂತ ಕಣ್ಣು ಮುಚ್ಚಿ ಕಳಿಸುವ ಹಾಗಿಲ್ಲ. ಒಂದು ಸಲ ನಮ್ಮ ಹತ್ತಿರ ಇಲ್ಲವೇ ಇಲ್ಲದ ಸರ್ಟಿಫಿಕೇಟನ್ನು, ನಂಬರ್ ಸಮೇತ, ಸೇರಿಸಿತ್ತು. ಓದುವಾಗ ನನ್ನ ಸಹೋದ್ಯೋಗಿ ಹಿಡಿದಳು. ಅಂದಿನಿಂದ ಪ್ರತಿ ಉತ್ತರದ ಪಕ್ಕದಲ್ಲಿ ಅದು ಯಾವ ಫೈಲ್‌ನಿಂದ ಬಂತು ಅಂತ ಬರೆಸುತ್ತೇವೆ, ಫೈಲ್ ತೆಗೆದು ನೋಡುತ್ತೇವೆ.

ಬೆಳೆಗಾರರಿಗೆ ಕನ್ನಡದಲ್ಲಿ ಪತ್ರ ಬರೆಸಿದ್ದು ಮಾತ್ರ ತಮಾಷೆ. ಭಾಷೆ ತಾಲ್ಲೂಕು ಆಫೀಸಿನ ಸುತ್ತೋಲೆಯ ಹಾಗಿತ್ತು. ಅದರ ಮೇಲೆ "ಜಮ್ಮಾ ಬಾಣೆ ಎಂಬ ರೈತರು" ಅಂತ ಬೇರೆ! ಆ ಪತ್ರಗಳನ್ನು ಈಗ ನಾನೇ ಬರೆಯುತ್ತೇನೆ.

ಮೊನ್ನೆ ಓನರ್ ಮತ್ತೆ ಬಂದರು. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬರುತ್ತದೆ ಅಂತ ಎಐಗೆ ಕೇಳಿದರೆ ಹೇಗೆ, ಸ್ಪ್ರಿಂಕ್ಲರ್ ಡೀಸೆಲ್ ಉಳಿಯುತ್ತದಲ್ವಾ ಅಂದರು.

"ಸಾರ್, ಅದು ಹೇಳಿತು ಅಂತ ನೀರು ಹಾಯಿಸದೆ ಕೂತು, ಮಳೆ ಬರದಿದ್ದರೆ?"

ಸ್ವಲ್ಪ ಹೊತ್ತು ಸುಮ್ನಿದ್ದರು. "ಸರಿ, ಮೊದಲು ಆ ಇಟಲಿಯವರ ಮೇಲ್‌ಗೆ ಉತ್ತರ ಕಳಿಸಿ."