ಜೀಬ್ರಾ ಮೀನಿನ ರ‍್ಯಾಕ್: ಬರೀ ಗಂಡೇ ಆಗುತ್ತಿದ್ದದ್ದು ಯಾಕೆ ಅಂತ ಕೊನೆಗೂ ಗೊತ್ತಾಯಿತು

ಜೀಬ್ರಾ ಮೀನು ಅಂದ್ರೆ ಲ್ಯಾಬ್ ಪ್ರಯೋಗಗಳಿಗೂ ಬಳಸುವ ಪಟ್ಟೆ ಪಟ್ಟೆಯ ಸಣ್ಣ ಮೀನು, ನಾನು ಡಬ್ಬಗಳಲ್ಲಿ ಸಾಕುತ್ತೇನೆ. ಮೊಟ್ಟೆ ಇಡಿಸೋದು, ಇನ್ಫ್ಯೂಸೋರಿಯಾ (ಮರಿಗಳಿಗೆ ಹಾಕುವ ಕಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಜೀವಿಗಳು), ಆರ್ಟೀಮಿಯಾ (ಒಣ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಒಡೆಸಿ ಮರಿಗಳಿಗೆ ತಿನ್ನಿಸುವ ಪುಟ್ಟ ಸಿಗಡಿ), ಇದೆಲ್ಲ ಸಾಕುವವರಿಗೆ ಗೊತ್ತಿರೋದೇ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಒಂದೇ ಜೋಡಿಯ ಮೊಟ್ಟೆಗಳು. ಮರಿಗಳು ದೊಡ್ಡವಾಗಿ ಬಣ್ಣ ಬಂದಾಗ ನೋಡಿದರೆ ಎಲ್ಲವೂ ಸಪೂರ ಮೈ, ಪಟ್ಟೆಗಳ ನಡುವೆ ಹೊಂಬಣ್ಣ. ಹೊಟ್ಟೆ ಉಬ್ಬಿದ ಬೆಳ್ಳಿ ಬಣ್ಣದ ಹೆಣ್ಣು ಹುಡುಕಿದರೂ ಒಂದೋ ಎರಡೋ. ಮೊದಲು ಹೀಟರ್ ಮೇಲೆ ಅನುಮಾನ ಬಂತು, ಯಾಕಂದ್ರೆ ಮರಿಗಳಿದ್ದಾಗ ನೀರು ಜಾಸ್ತಿ ಬಿಸಿಯಾದರೂ ಗಂಡುಗಳೇ ಹೆಚ್ಚಾಗುತ್ತವೆ. ಅಳೆದು ನೋಡಿದೆ, ಲ್ಯಾಬ್‌ಗಳಲ್ಲಿ ಇಡುವ 28.5 ಡಿಗ್ರಿಯೇ ಇತ್ತು. ಆಮೇಲೆ ಆಹಾರ. ಅಂಗಡಿಯವರು ಕೊಟ್ಟ ಆರ್ಟೀಮಿಯಾ ಡಬ್ಬ ಹಳೇ ಸ್ಟಾಕು, ಅರ್ಧಕ್ಕರ್ಧ ಒಡೆಯಲೇ ಇಲ್ಲ, ಕೇಳಿದರೆ ‘ನಿಮ್ಮ ಉಪ್ಪು ಸರಿ ಇಲ್ಲ ಸಾರ್’ ಅಂದರು! ಬೇರೆ ಕಡೆಯಿಂದ ತಂದೆ. ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತುಂಬಿ ಕಾಣಿಸಿತು. ಆದರೂ ಗಂಡೇ.

ಉಳಿದದ್ದು ಜಾಗ. ಈ ಮೀನಿನ ಮರಿಗಳಿಗೆಲ್ಲ ಮೊದಲು ಎಳೆ ಅಂಡಾಶಯವೇ ಬೆಳೆಯುತ್ತದೆ, ಕೆಲವು ವಾರಗಳಾದ ಮೇಲೆ ಕೆಲವದರಲ್ಲಿ ಅದು ವೃಷಣವಾಗಿ ಬದಲಾಗುತ್ತದೆ. ಆ ಹೊತ್ತಿನಲ್ಲಿ ಇಕ್ಕಟ್ಟು, ಹಸಿವು, ಬಿಸಿ ಇದ್ದರೆ ಗಂಡುಗಳ ಸಂಖ್ಯೆ ಏರುತ್ತದೆ. ಹೊಳೆ, ಗದ್ದೆಗಳ ಜೀಬ್ರಾ ಮೀನಿನಲ್ಲಿ ಗಂಡೋ ಹೆಣ್ಣೋ ಅಂತ ತೀರ್ಮಾನಿಸುವ ಬಲವಾದ ಗುರುತು 4ನೇ ಕ್ರೋಮೋಸೋಮಿನಲ್ಲಿದೆ. ಲ್ಯಾಬ್‌ನಲ್ಲಿ ತಲೆಮಾರುಗಟ್ಟಲೆ ಸಾಕಿದ ಎಬಿ, ಟ್ಯೂಬಿಂಗೆನ್ ತಳಿಗಳಲ್ಲಿ ಅದು ಕಳೆದುಹೋಗಿದೆ ಅಂತ 2014ರಲ್ಲಿ ತೋರಿಸಿದರು. ಹಾಗಾಗಿ ತೊಟ್ಟಿಯ ಪರಿಸ್ಥಿತಿಗೆ ಅಲ್ಲಿ ಇನ್ನೂ ಜಾಸ್ತಿ ಬೆಲೆ.

ಆದರೆ ಇಕ್ಕಟ್ಟನ್ನು ಮಾತ್ರ ಬೇರೆ ಮಾಡಿ ನೋಡೋದು ಹೇಗೆ? ಮರಿ ಜಾಸ್ತಿ ಅಂದ್ರೆ ಕೊಳಕೂ ಜಾಸ್ತಿ, ಅಮೋನಿಯಾನೂ ಜಾಸ್ತಿ. ತಲೆ ಕೆಟ್ಟುಹೋಗಿದ್ದು ಇಲ್ಲೇ. ಕೊನೆಗೆ ಒಂದು ಡಬ್ಬದಲ್ಲಿ ಮರಿಗಳನ್ನು ತುಂಬಿ, ಇನ್ನೊಂದರಲ್ಲಿ ಕಡಿಮೆ ಬಿಟ್ಟು, ಎರಡನ್ನೂ ಒಂದೇ ಸಂಪ್‌ಗೆ (ನೀರು ಹೋಗಿ ಮತ್ತೆ ವಾಪಸ್ ಬರುವ ತೊಟ್ಟಿ) ಜೋಡಿಸಿದೆ: ಅದೇ ನೀರು, ಅದೇ ಬಿಸಿ, ಅದೇ ಫಿಲ್ಟರ್. ಆಹಾರ ಮರಿಗಳ ಲೆಕ್ಕಕ್ಕೆ ತಕ್ಕಷ್ಟು. ಡಬ್ಬಕ್ಕೆ ಪೈಪು ಸಿಕ್ಕಿಸುವ ಟ್ಯಾಂಕ್ ನಿಪ್ಪಲ್‌ಗಳ ವಾಷರ್ ಎಷ್ಟು ಕಳಪೆ ಅಂದರೆ ಪೂರ್ತಿ ಬಿಗಿ ಮಾಡಿದರೂ ತೊಟ್ಟಿಕ್ಕುತ್ತಿತ್ತು, ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ ಮೇಲೆ ನಿಂತಿತು. ಹೊರಹೋಗುವ ಪೈಪಿಗೆ ಸ್ಕ್ರೀನ್ ಪ್ರಿಂಟಿಂಗ್‌ನವರ ಮೆಶ್ ಕಟ್ಟಿ, ಇಲ್ಲದಿದ್ದರೆ ಸೂಜಿಯಷ್ಟು ಸಣ್ಣ ಮರಿಗಳು ಸೀದಾ ಸಂಪ್‌ಗೆ ಹೋಗುತ್ತವೆ.

ಫಲಿತಾಂಶ: ತುಂಬಿ ತುಳುಕುತ್ತಿದ್ದ ಡಬ್ಬದಲ್ಲಿ ಮತ್ತೆ ಬಹುಪಾಲು ಗಂಡು, ಸಡಿಲವಾಗಿ ಬಿಟ್ಟ ಡಬ್ಬದಲ್ಲಿ ಹೆಚ್ಚುಕಡಿಮೆ ಅರ್ಧ ಹೆಣ್ಣು! ಒಂದೇ ಜೋಡಿಯ ಮರಿಗಳು, ಇದನ್ನೇ ನಿಯಮ ಅನ್ನೋಕಾಗಲ್ಲ, ಆದರೂ ಕುಣಿದಾಡುವಷ್ಟು ಖುಷಿಯಾಯಿತು.

ಅಂದ ಹಾಗೆ ಮುಂದಿನ ಕೆಲಸ ನಿಧಾನಕ್ಕೆ ಬೆಳಗಾಗುವ ದೀಪ. ಇವು ಮೊಟ್ಟೆ ಇಡೋದೇ ಬೆಳಕು ಬಂದಾಗ, ಅಲ್ವಾ? ಎಲ್‌ಇಡಿ ಪಟ್ಟಿ, ಅದನ್ನು ನಡೆಸೋಕೆ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಚಿಪ್, 14 ಗಂಟೆ ಬೆಳಕು, 10 ಗಂಟೆ ಕತ್ತಲು. ಪಟ್ಟಿ ಬಂದಿದೆ, ಡ್ರೈವರ್ ಬೋರ್ಡ್ ಇನ್ನೂ ಕೊರಿಯರ್‌ನವರ ಹತ್ತಿರವೇ ಇದೆ.

ನನ್ನ ಡಬ್ಬದಲ್ಲಿ ಹೀಗಾದರೆ ತೊಂದರೆ ಇಲ್ಲ. ಆದರೆ ಲ್ಯಾಬ್‌ಗಳಲ್ಲಿ ಈ ಮೀನಿನ ಮೇಲೆ ಔಷಧಿ ಪರೀಕ್ಷೆ ಮಾಡುತ್ತಾರೆ. ಔಷಧಿಗೆ ಗಂಡು ಹೆಣ್ಣು ಬೇರೆ ಬೇರೆ ಥರ ಸ್ಪಂದಿಸಬಹುದು, ಮರಿಗಳನ್ನು ಒತ್ತೊತ್ತಾಗಿ ಬೆಳೆಸಿದ ಲ್ಯಾಬ್‌ನ ಫಲಿತಾಂಶ ಇನ್ನೊಂದು ಲ್ಯಾಬ್‌ನಲ್ಲಿ ಬರದೇ ಇದ್ದರೆ ಯಾರ ಮೇಲೆ ಹೇಳೋದು? ಜೀಬ್ರಾ ಮೀನಿಗೆ ಎಲ್ಲರೂ ಒಪ್ಪಿದ ಒಂದು ಆಹಾರ ಕೂಡ ಇಲ್ಲ. ಪ್ರಾಣಿ ಪ್ರಯೋಗಗಳ ವರದಿ ಹೇಗೆ ಬರೀಬೇಕು ಅಂತ 2010ರಲ್ಲಿ ಬಂದು 2020ರಲ್ಲಿ ಪರಿಷ್ಕರಣೆಯಾದ ಅರೈವ್ ಮಾರ್ಗಸೂಚಿ, ಪ್ರಾಣಿಗಳನ್ನು ಸಾಕಿದ ವಿವರವನ್ನೂ ಕೇಳುತ್ತದೆ. ಲೀಟರಿಗೆ ಎಷ್ಟು ಮರಿ ಅನ್ನೋ ಒಂದು ಸಾಲು ಬರೆಯೋಕೆ ಏನು ಕಷ್ಟ ಹೇಳಿ.

ಮುಂದಿನ ಸಲ ಎರಡೂ ಡಬ್ಬಗಳಲ್ಲಿ ಅಷ್ಟಷ್ಟೇ ಮರಿ, ಒಂದಕ್ಕೆ ಮಾತ್ರ ಆಹಾರ ಕಡಿಮೆ. ಹಸಿವಿನ ಪಾಲು ಎಷ್ಟು ಅಂತ ನೋಡಬೇಕು.