ಮೊದಲೇ ಕೇಳಬಹುದಿತ್ತು ಅಲ್ವಾ
ನಿನ್ನೆ ದೇವನಹಳ್ಳಿ ಕಡೆ ಹೋಗಿದ್ದೆ. ದ್ರಾಕ್ಷಿ ತೋಟ, ರಾಗಿ ಹೊಲ ನೋಡಿ ಆ ಧರಣಿ ನೆನಪಾಯಿತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಏರೋಸ್ಪೇಸ್ ಪಾರ್ಕಿಗೆ ಬೇಕು ಎಂದು ಸರ್ಕಾರ ಹೊರಟಿತ್ತು. 2022ರ ಏಪ್ರಿಲ್‌ನಲ್ಲಿ ಧರಣಿ ಕೂತ ರೈತರು ಮೂರು ವರ್ಷಕ್ಕೂ ಜಾಸ್ತಿ ಕದಲಲಿಲ್ಲ, ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿದ್ದೇವೆ ಎಂದರು. ತುಂಬಾ ಖುಷಿಯಾಗಿತ್ತು. ಆದರೆ ಅನ್ನ ಬೆಳೆಯುವವರು ಅಷ್ಟು ದಿನ ಯಾಕೆ ಕೂರಬೇಕಿತ್ತು? ಒಡಿಶಾದ ನಿಯಮಗಿರಿಯಲ್ಲಿ ಗ್ರಾಮಸಭೆಗಳನ್ನೇ ಕೇಳಿ ಎಂದು ಸುಪ್ರೀಂ ಕೋರ್ಟ್ ಹೇಳಿತು, 2013ರಲ್ಲಿ 12 ಗ್ರಾಮಸಭೆಗಳೂ ಬಾಕ್ಸೈಟ್ ಗಣಿ ಬೇಡ ಎಂದವು, ಗಣಿ ಬರಲಿಲ್ಲ. ನಮ್ಮಲ್ಲೂ ನೋಟಿಸ್‌ಗೆ ಮೊದಲು ಊರಿನವರು ಒಪ್ಪಲೇಬೇಕು ಅನ್ನುವ ಕಾನೂನು ಬರಲಿ. ಮುಂದಿನ ಸಲ ಮತ ಕೇಳಲು ಬಂದವರ ಹತ್ತಿರ ನಾನು ಇದನ್ನೇ ಕೇಳುತ್ತೇನೆ.